ಕಿವಿ ಹಿಂದಕ್ಕೆ ಮಡಚಿದಾಗ

ಬೆಳಗಿನ ಏಳು ಎಂದರೆ ಇಲ್ಲಿ ನಡುರಾತ್ರಿಯೇ.
ಐಸ್‌ಲ್ಯಾಂಡಿನ ಜನವರಿ; ಸೂರ್ಯ ಹನ್ನೊಂದಕ್ಕೆ ಬಂದರೂ
ಕೊಲ್ಲಿಯಾಚೆಯ ಗುಡ್ಡದ ಹೆಗಲ ಮೇಲೆ
ಸಾಲ ಕೇಳಲು ಬಂದವನಂತೆ
ಒಂದು ಗಳಿಗೆ ಕೂತು, ಎದ್ದುಹೋಗುತ್ತಾನೆ.

ಹಣೆಗೆ ದೀಪ ಕಟ್ಟಿಕೊಂಡು ಲಾಯಕ್ಕೆ ಹೋದೆ.
ಹದಿನೇಳು ಕುದುರೆ, ಹದಿನೇಳು ಜೋಡಿ ಹೊಳೆವ ಕಣ್ಣು.
ನಲ್ಲಿ ತಿರುಗಿಸಿದರೆ ಒಂದು ಬಿಕ್ಕು, ಅಷ್ಟೇ.
ಪೈಪು ಸೆಟೆದ ಹಾವುಮೀನಿನಂತೆ
ನೆಲದ ಮೇಲೆ ಬಿದ್ದಿತ್ತು.

ರಾತ್ರಿ ನೀರು ಬಸಿದು ಸುತ್ತಿಡಬೇಕೆಂದು
ನೂರು ಸಲ ಹೇಳಿದ್ದೇನೆ ಹುಡುಗನಿಗೆ.
ಓರ್ರಿ. ಹದಿನೇಳು. ಅಕುರೇರಿಯ ಪೇಟೆಯವನು,
ತಂಗಿಯ ಗಂಡನ ಮೊದಲ ಮದುವೆಯ ಮಗ.
ಓದು ಬೇಡವೆಂದ, ಇಲ್ಲಿಗೆ ಕಳಿಸಿದರು.
ಕುದುರೆ ಬೇಕೆಂದೂ ಅವನೇನು ಹೇಳಿರಲಿಲ್ಲ.

ಅಡುಗೆಮನೆಯಿಂದ ಬಕೆಟ್ಟಿನಲ್ಲಿ ನೀರು ಹೊತ್ತೆ.
ಎಂಟನೆಯ ಸುತ್ತಿಗೆ ಕೈಗವಸು ನೆನೆದು ಹಲಗೆಯಾಯಿತು.
ಒಂಬತ್ತನೆಯದಕ್ಕೆ ಹ್ರೀಮಾ
(ಹೆಸರಿನ ಅರ್ಥ ಹಿಮದ ಹುಡಿ, ಕಾಲಿನ ಅರ್ಥ ಬೇರೆ)
ಮೂತಿಯಿಂದ ಒಂದು ನೂಕು ನೂಕಿದಳು.
ಒಂಬತ್ತನೆಯ ಬಕೆಟ್ಟು ಪೂರ್ತಿ ನನ್ನ ಬೂಟಿನೊಳಗೆ.

ಸಿಟ್ಟು ಮೂಗಿನ ತುದಿಯಲ್ಲಿ ಅನ್ನುತ್ತಾರಲ್ಲ,
ಮೂಗೇ ಇದೆಯೋ ಇಲ್ಲವೋ ತಿಳಿಯದ ಚಳಿಯಲ್ಲೂ
ಅದಕ್ಕೆ ತನ್ನ ಜಾಗ ಸಿಕ್ಕಿತು.
ಕೈಯಲ್ಲಿದ್ದ ಹಗ್ಗ ಅವಳ ಭುಜಕ್ಕೆ ಬಿತ್ತು.
ಒಂದೇ ಏಟು. ಸದ್ದು ಮಾತ್ರ ಲಾಯದ ತುಂಬ.
ಎಲ್ಲ ತಲೆಗಳೂ ಮೇಲೆದ್ದವು.

ಅಷ್ಟರಲ್ಲಿ ಬಾಗಿಲಲ್ಲಿ ಅವನು, ಜಾಕೆಟ್ಟಿನ ಗುಂಡಿ ತಪ್ಪಾಗಿ ಹಾಕಿಕೊಂಡು.
ಉಳಿದದ್ದೆಲ್ಲ ಅವನ ಮೇಲೆ ಸುರಿಯಿತು.
ದಂಡಪಿಂಡ ಎಂದೆ.
ಹೆತ್ತ ಅಪ್ಪನಿಗೂ ಬೇಡವಾದವನು ಎಂದೆ.
ಆ ಎರಡನೆಯ ಮಾತು ಬಾಯಿಂದ ಹೊರಟು
ಹಬೆಯಾಗಿ ನನ್ನ ಮುಂದೆಯೇ ನಿಂತಿತ್ತು ತುಸು ಹೊತ್ತು,
ಹಿಡಿದು ಒಳಗೆ ಹಾಕಿಕೊಳ್ಳಬಹುದಾದಷ್ಟು ಹತ್ತಿರ.

ಅವನು ಏನೂ ಅನ್ನದೆ
ಖಾಲಿ ಬಕೆಟ್ಟು ಎತ್ತಿಕೊಂಡು ಹೋದ.

ಮಧ್ಯಾಹ್ನ ಹುಲ್ಲಿನ ಉಂಡೆಯ ಬಿಳಿ ಪ್ಲಾಸ್ಟಿಕ್ಕು ಸೀಳುತ್ತಿದ್ದಾಗ
ಒಳಗಿನಿಂದ ಹುಳಿಹುಳಿ ಬೇಸಿಗೆಯ ವಾಸನೆ ಬಂತು,
ಜೊತೆಗೇ ನೆನಪೂ:
ನಿನ್ನೆ ರಾತ್ರಿ ಹತ್ತಕ್ಕೆ ಹ್ರೀಮಾಳ ಹಿಂಗಾಲು ಊದಿತ್ತು.
ತಣ್ಣೀರು ಬಿಡುತ್ತಾ ಕೂತಿದ್ದೆ ಅರ್ಧ ಗಂಟೆ.
ತಂಗಿಯ ಫೋನು ಬಂತು. ಒಳಗೆ ಓಡಿದೆ.
ಪೈಪು...

ಚಾಕು ಪ್ಲಾಸ್ಟಿಕ್ಕಿನಲ್ಲಿ ಅಲ್ಲೇ ನಿಂತಿತು.

ತಕ್ಷಣ ಹೋದೆನೆಂದು ಬರೆದರೆ ಸುಳ್ಳು.
ಮೊದಲು ಲದ್ದಿ ಎತ್ತಿದೆ. ಎತ್ತಿದ ಜಾಗವನ್ನೇ ಮತ್ತೆ ಗುಡಿಸಿದೆ.
ಯಾರದೋ ಗೊರಸಿನಲ್ಲಿ ಇಲ್ಲದ ಕಲ್ಲು ಹುಡುಕಿದೆ.
ಕಾಫಿ ಕಾಸಿ ಎರಡು ಲೋಟಕ್ಕೆ ಬಗ್ಗಿಸಿ
ಎರಡನ್ನೂ ನಾನೇ ಕುಡಿದೆ.

ಅವನು ಲಾಯದ ಕೊನೆಯಲ್ಲಿ,
ಹೇರ್ ಡ್ರೈಯರ್ ಹಿಡಿದು ಪೈಪನ್ನು
ಗೇಣು ಗೇಣಾಗಿ ಕರಗಿಸುತ್ತಿದ್ದ.
ಬೆಳಗಿನಿಂದಲೂ ಅದೇ ಕೆಲಸ ಇರಬೇಕು,
ಬೆರಳು ಕೆಂಪಗೆ ಸುಕ್ಕಾಗಿದ್ದವು.

‘ಪೈಪು ಬಿಟ್ಟದ್ದು ನಾನು’ ಎಂದೆ.
‘ಗೊತ್ತಿತ್ತು, ಕಿಟಕಿಯಿಂದ ನೋಡಿದ್ದೆ.’
‘ಮತ್ತೆ ಹೇಳಬಾರದಿತ್ತೇ?’
ಡ್ರೈಯರ್ ಆರಿಸಿ, ಯೋಚಿಸಿ, ಹೇಳಿದ:
‘ಕಿವಿ ಹಿಂದಕ್ಕೆ ಮಡಚಿದಾಗ ಹತ್ತಿರ ಹೋಗಬಾರದು,
ನೀವೇ ಕಲಿಸಿದ್ದು, ಮೊದಲನೇ ದಿನ.’

ನಗು ಬಂತು. ನಗುವ ಹಕ್ಕು ನನಗಿರಲಿಲ್ಲ.
‘ಅಪ್ಪನ ವಿಷಯ’ ಎಂದು ಶುರುಮಾಡಿದೆ.
‘ಅದು ಬೇಡ’ ಎಂದ.
ಬೇಡ ಅಂದದ್ದನ್ನು ಬಲವಂತವಾಗಿ ಬಡಿಸಿದರೆ
ಹೊಟ್ಟೆ ತುಂಬುವುದು ಬಡಿಸಿದವರದ್ದೇ.
ನನ್ನ ಒಣ ಕೈಗವಸು ಕಳಚಿ ಪಕ್ಕಕ್ಕಿಟ್ಟೆ.
ತುಂಬ ಹೊತ್ತು ಅದು ಅಲ್ಲೇ ಇತ್ತು.
ಆಮೇಲೆ ನೋಡಿದರೆ ಇರಲಿಲ್ಲ.

ಇನ್ನು ಹ್ರೀಮಾ.
ಅವಳಿಗೆ ಯಾವ ಭಾಷೆಯಲ್ಲಿ ಹೇಳಲಿ?
ಕ್ಯಾರೆಟ್ಟು ಹಿಡಿದೆ, ಮೂಸಿಯೂ ನೋಡಲಿಲ್ಲ.
ಊದಿದ ಕಾಲಿಗೆ ಮುಲಾಮು ಹಚ್ಚಿದೆ, ಸಹಿಸಿಕೊಂಡಳು.
ಭುಜದ ಹತ್ತಿರ ಕೈ ಹೋದಾಗ ಮಾತ್ರ
ಚರ್ಮ ತಾನೇ ತಾನಾಗಿ ಅದುರಿತು,
ನೊಣ ಕೂತಂತೆ. ಜನವರಿಯಲ್ಲಿ ಎಲ್ಲಿಯ ನೊಣ.

ಬೆನ್ನು ತಿರುಗಿಸಿ ಸುಮ್ಮನೆ ನಿಂತೆ.
ಕಾಲು ಗಂಟೆಯೋ, ಹೆಚ್ಚೋ,
ಕತ್ತಿನ ಹಿಂದೆ ಬೆಚ್ಚಗಿನ ಉಸಿರು ಬಂತೆಂದುಕೊಳ್ಳುವಷ್ಟರಲ್ಲಿ
ಬಕೆಟ್ಟು ಮತ್ತೆ ಉರುಳಿತು.

ಓರ್ರಿ ಆ ತುದಿಯಿಂದ ನನ್ನನ್ನೇ ನೋಡುತ್ತಿದ್ದ.
ಬಕೆಟ್ಟು ಎತ್ತಿಕೊಂಡೆ.
ನೀರಿಗೆ ಹೊರಟೆ.