ನಾಲ್ಕನೇ ಮನೆ

ಉದ್ಯಮಬಾಗದ ಫೌಂಡ್ರಿಗೆ ಸೋಮವಾರ ಬೆಳಿಗ್ಗೆ
ನೂರಾ ಹನ್ನೆರಡು ಪ್ರಶ್ನಾವಳಿ ಹೊತ್ತು ಹೋದೆ.
ಸ್ಕೂಟಿಯಲ್ಲಿ ಕಾಲಿಡುವ ಜಾಗದಲ್ಲಿ ಕಾಗದದ ಗಂಟು,
ಕೊರಳಲ್ಲಿ ವಿಶ್ವವಿದ್ಯಾಲಯದ ಗುರುತಿನ ಚೀಟಿ.
'ನಾಯಕತ್ವದ ಶೈಲಿ ಮತ್ತು ಸಂಸ್ಥೆಯ ಸಂಸ್ಕೃತಿ:
ಬೆಳಗಾವಿಯ ಎರಕದ ಕಾರ್ಖಾನೆಗಳ ಒಂದು ಅಧ್ಯಯನ.'
ಆ 'ಒಂದು' ನನ್ನ ಗೈಡ್ ಸೇರಿಸಿದ್ದು,
ವಿನಯಕ್ಕೆ.

ಪ್ರತಿ ಪ್ರಶ್ನೆಗೂ ಐದು ಮನೆ.
ಖಂಡಿತ ಒಪ್ಪುವುದಿಲ್ಲ. ಒಪ್ಪುವುದಿಲ್ಲ. ಹೇಳಲಾರೆ.
ಒಪ್ಪುತ್ತೇನೆ. ಖಂಡಿತ ಒಪ್ಪುತ್ತೇನೆ.
ಚೌಕಾಬಾರದ ಹಾಗೇ, ಆದರೆ ಕವಡೆಯಿಲ್ಲ,
ಯಾರ ಕಾಯಿಯನ್ನೂ ಯಾರೂ ಕಡಿಯುವಂತಿಲ್ಲ.

ಪ್ರಶ್ನೆ ಹದಿನೇಳು:
'ನನ್ನ ಮೇಲಧಿಕಾರಿ ನನ್ನಲ್ಲಿ ಸ್ಫೂರ್ತಿ ತುಂಬುತ್ತಾರೆ.'
ಸಾತೇರಿ ಹುಂದರೆ ಅದನ್ನು ಎರಡು ಸಲ ಓದಿ
'ತುಂಬಾವ್ರು ನಾವ ಅಲ್ರಿ, ಮೋಲ್ಡಿನ್ಯಾಗ?' ಅಂದ.
ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ,
ನೋಟ್‌ಬುಕ್ಕಿನಲ್ಲಿ ಏನೂ ಬರೆದುಕೊಳ್ಳಲಿಲ್ಲ.

ವಾರ ಬಿಟ್ಟು ಹಾಳೆಗಳು ಬಂದವು,
ಅಂಚಿಗೆಲ್ಲ ಕರಿಮರಳಿನ ಬೆರಳಗುರುತು.
ಮೂವತ್ತು ಪ್ರಶ್ನೆ, ನೂರಾ ಹನ್ನೆರಡು ಜನ,
ಎಲ್ಲರ ಟಿಕ್ಕೂ ನಾಲ್ಕನೇ ಮನೆಯಲ್ಲಿ.
ಇಪ್ಪತ್ತೆರಡನೆಯದನ್ನು ಬೇಕೆಂದೇ ತಿರುವಿ ಕೇಳಿದ್ದೆ:
'ಇಲ್ಲಿ ಮನಸ್ಸಿನ ಮಾತು ಆಡಲು ಭಯವಾಗುತ್ತದೆ.'
ಅದನ್ನೂ ಒಪ್ಪಿದ್ದರು,
ಅದೇ ಪೆನ್ನಿನಲ್ಲಿ, ಅದೇ ವಾಲಿಕೆಯಲ್ಲಿ.

'ವ್ಯತ್ಯಾಸವೇ ಇಲ್ಲವಲ್ಲ,' ಅಂದರು ಗೈಡ್,
ಕನ್ನಡಕ ಹಣೆಗೇರಿಸಿ.
'ಈ ಸೊನ್ನೆ ಇಟ್ಟುಕೊಂಡು ಯಾವ ಸಿದ್ಧಾಂತ ಕಟ್ಟುತ್ತೀ?
ಇದನ್ನು ಬಿಸಾಡು. ಬೇರೆ ಫೌಂಡ್ರಿ ನೋಡು.'

ಬಿಸಾಡಲಿಲ್ಲ. ಬುಧವಾರ ಮತ್ತೆ ಹೋದೆ.
ಕುಲುಮೆಯ ದಸ್ತಗೀರಸಾಬ ಮೋಮಿನ
ಬೆವರೊರೆಸಿಕೊಳ್ಳುತ್ತ ಹೇಳಿದ:
'ಊಟದ ಹೊತ್ನ್ಯಾಗ ಸಾತೇರಿ ಓದಿದಾರಿ,
ಮರಾಠಿಯೊಳಗೊಮ್ಮೆ, ಬಿಹಾರದ ಹುಡುಗ್ರಿಗೆ
ಹಿಂದಿಯೊಳಗೊಮ್ಮೆ.
ಐದು ಹಾಕಿದ್ರ ಚಮಚಾ ಅಂತಾರ.
ಒಂದು ಹಾಕಿದ್ರ ನಾಳೆ ಗೇಟಿನ ಹೊರಗ.
ಮೂರು ಹಾಕಿದ್ರ ಇವಕ್ಕೇನೂ ತಿಳಿಯಂಗಿಲ್ಲ ಅಂತ
ನೀವ ಬರಕೋತೀರಿ.
ನಾಲ್ಕು ಸಂಸಾರಸ್ಥರ ಮನಿ, ಮೇಡಮ್.'

ಯಾರು ತೀರ್ಮಾನಿಸಿದ್ದು, ಕೇಳಿದೆ.
'ಯಾರೂ ಇಲ್ರಿ. ಆತು.'

ಅಷ್ಟರಲ್ಲಿ ಎರಕದ ಹೊತ್ತು.
ಗಾಜಿನ ಕ್ಯಾಬಿನ್ನಿನಲ್ಲಿ ಮ್ಯಾನೇಜರು ಫೋನಿನಲ್ಲಿದ್ದರು,
ಅವರ ಬೆನ್ನಿಗೆ ಹಾರುವ ಹಕ್ಕಿಗಳ ಪೋಸ್ಟರು.
ದಸ್ತಗೀರ ಕುಲುಮೆಯೊಳಗೆ ಇಣುಕಿದ.
ತಾಪಮಾಪಕದ ಕೆಂಪು ಅಂಕಿ ಆಗಲೇ 'ಸಿದ್ಧ' ಅನ್ನುತ್ತಿತ್ತು.
ಅವನು ಒಂದು ಬೆರಳೆತ್ತಿದ.
ಇಡೀ ಶೆಡ್ಡು ನಿಂತಿತು. ಕ್ರೇನು ನಿಂತಿತು.
ಚಹಾದ ಕಿಟ್ಲಿ ತಂದ ಶಾಂತವ್ವ ಸಹ
ಗೆರೆಯಾಚೆ ನಿಂತಳು.
ನನ್ನ ಕಣ್ಣಿಗೆ ಬೆಂಕಿ ಬರೀ ಬೆಂಕಿ.
ಅವನಿಗೆ ಅದರಲ್ಲಿ ಇನ್ನೂ ಒಂದು ಚೂರು ಕೆಂಪು.

'ಹೂಂ.'

ಸೌಟಿನ ಮುಂದೆ ಸಾತೇರಿ, ಹಿಂದೆ ಬಿಹಾರದ ಹುಡುಗ,
ನಡುವೆ ಕುದಿವ ಕಬ್ಬಿಣ.
ಹಿಂದಿನವನು ನೆಲ ನೋಡಲಿಲ್ಲ,
ಮುಂದಿನವನ ಹೆಗಲು ನೋಡುತ್ತಿದ್ದ.
ಮುಂದಿನವನು ತಿರುಗಿಯೂ ನೋಡದೆ
ಹೆಜ್ಜೆ ಸಣ್ಣದು ಮಾಡಿದ,
ಹುಡುಗನ ಕಾಲಳತೆಗೆ.

ಇದು ಎಷ್ಟನೇ ಪ್ರಶ್ನೆ ಅಂತ ಬ್ಯಾಗಿನಲ್ಲಿ ತಡಕಾಡಿದೆ.

ಐದನೇ ಅಧ್ಯಾಯದಲ್ಲಿ ಬರೆದೆ. ಗೈಡ್ ಅಡಿಟಿಪ್ಪಣಿಗಿಳಿಸಿದರು.
ಎರಡನೇ ಕರಡಿನಲ್ಲಿ ಅಡಿಟಿಪ್ಪಣಿಯೂ ಹೋಯಿತು.
ಬೇರೆ ಫೌಂಡ್ರಿಯ ಅಂಕಿಗಳು ಚೆನ್ನಾಗಿ ಬಂದಿವೆ,
ಕೋಷ್ಟಕಗಳಿಗೆ ಕೊರತೆಯಿಲ್ಲ.

ಮೊನ್ನೆ ವಿಭಾಗದಲ್ಲಿ ನಮಗೂ ಒಂದು ಹಾಳೆ ಹಂಚಿದರು.
'ನನ್ನ ಮಾರ್ಗದರ್ಶಕರು ಭಿನ್ನಾಭಿಪ್ರಾಯವನ್ನು ಸ್ವಾಗತಿಸುತ್ತಾರೆ.'
ಹೆಸರು ಬರೆಯಬೇಕಿಲ್ಲ ಅಂದರು,
ಅಕ್ಷರ ಮಾತ್ರ ನಮ್ಮದೇ.
ಕ್ಯಾಂಟೀನಿನ ಮೇಜಿಗೆ ನಾವು ಏಳು ಜನ,
ಒಂದು ಪೆನ್ನು ಕೈಯಿಂದ ಕೈಗೆ.
ಯಾರೂ ಯಾರಿಗೂ ಏನೂ ಅನ್ನಲಿಲ್ಲ.

ಆತು.