ಹಳದಿ ಚೀಟಿ

ಮುಂಜಾನೆ ಎಂಟನೇ ಇಯತ್ತೆಗೆ ಹೇಳಿದ್ದೆ:
ಗ್ರೀಸಿನವರು ಕೊಯ್ದ ಹಂದಿಯ ತುಂಡಿನ ಮೇಲೆ ನಿಂತು
ಆಣೆ ಇಡುತ್ತಿದ್ದರು, ತಪ್ಪಿದವನ ವಂಶ ನಿರ್ವಂಶ.
"ಆಮ್ಯಾಲೆ ಅದನ್ನ ತಿಂತಿದ್ರೇನ್ರೀ ಸರ?"
ಇಲ್ಲವ್ವ, ಆ ಮಾಂಸ ಯಾರೂ ತಿನ್ನುತ್ತಿರಲಿಲ್ಲ.

ಮಧ್ಯಾಹ್ನ ಹಾನಗಲ್ಲಿನ ಆಚೆ ಒಂದು ಪಂಚಾಯ್ತಿ,
ಅಧ್ಯಕ್ಷರ ಆಯ್ಕೆ. ಚೀಟಿ ಬಿಡಿಸುವ ಡ್ಯೂಟಿ ನನ್ನದು.
ಫಕ್ಕೀರವ್ವನಿಗೆ ಐದು.
ದ್ಯಾಮನಗೌಡನಿಗೆ ಆರು.

ಫಕ್ಕೀರವ್ವ ಎದ್ದಳು:
"ನಿನ್ನೆ ರಾತ್ರಿ ಏಳು ಮಂದಿ ನನ್ನ ಮುಂದ
ಭಂಡಾರ ಮುಟ್ಯಾರ್ರೀ. ಗೌಡನ ಗಂಟಿನ್ಯಾಗ
ಹಳದಿ ಬಟ್ಟು ಯಾವುದರ ಮ್ಯಾಲೈತಿ, ನೋಡ್ರಿ."

ನೋಡಿದೆ.
ಆರರ ಮೇಲೂ ಇತ್ತು.

ಫ್ಯಾನು ತಿರುಗುತ್ತಿತ್ತು. ಕೈಗಳು
ಜೇಬಿಗೆ ಹೋದವು, ಸೆರಗಿನೊಳಗೆ ಹೋದವು,
ಗೌಡನವು ಬೆನ್ನ ಹಿಂದೆ.

ಲಕೋಟೆಗೆ ಅರಗು ಒತ್ತಿ, ಕಡೇ ಬಸ್ಸಿಗೆ ಮನೆಗೆ ಬಂದೆ.
ತಾಟಿನ ಮುಂದೆ ಕುಳಿತರೆ
ಮೂರು ಸಲ ತೊಳೆದ ಹೆಬ್ಬೆರಳು
ಇನ್ನೂ ಹಳದಿ.