ಹಸಿ ಬೋರ್ಡು

ಅಕ್ಷರ ಬರಿಯೋದು ನನ್ನ ಹೊಟ್ಟಿಪಾಡು.
ಫ್ಲೆಕ್ಸು ಬಂದ ಮ್ಯಾಲ ಬ್ರಶ್ಶುಗಳು ಗಟ್ಟ್ಯಾಗಿ
ಡಬ್ಬಿಯೊಳಗ ನಿಂತಾವ.
ಹಳೇ ಗಿರಾಕಿ ಯಾರರ ಕರದ್ರ ಓಡತೀನಿ.

ಅಂಬಾರಾಯ ಸಾವ್ಕಾರ ಕರದದ್ದು ಮೇ ತಿಂಗಳು,
ಬ್ಯಾಳಿ ಮಿಲ್ಲಿನ ಹಿಂದಿನ ಹೊಸ ಮನಿಗಿ.
ಕಲಬುರಗಿ ಬಿಸಲಿಗಿ ಅಂಗಳದ ಫರಸಿ ಕಾದು ಹಂಚಾಗಿತ್ತು.
ಎರಡು ಫೂಟಿನ ತಗಡು, ಕೆಂಪು ಬಣ್ಣ,
'ನಾಯಿ ಇದೆ, ಎಚ್ಚರಿಕೆ.' ಕೆಳಗ ಉರ್ದುನೂ ಬೇಕಂದ್ರು,
ನಾಳೆ ಯಾರೂ ಓದಾಕ ಬರಂಗಿಲ್ಲ ಅನಬಾರದು ನೋಡು.
ಮೂಲ್ಯಾಗ ರೂಢಿಯಂಗ ನನ್ನ ಹೆಸರು, ನಂಬರ, ಇಸವಿ.
ಇಸವಿ ಮಾತ್ರ ಎರಡು ವರ್ಷ ಹಿಂದಿಂದು ಹಾಕು, ಅಂದ್ರು.
ಹಾಕಿದೆ.
ಚಹಾದ ಚರಟ ತಿಕ್ಕಿ, ಮಣ್ಣು ಸವರಿ
ಹಸಿ ಬೋರ್ಡಿಗಿ ಮುಪ್ಪು ತಂದೆ.
ಆರುನೂರಕ್ಕ ಮಾತಾಗಿತ್ತು, ಸಾವಿರ ಕೊಟ್ರು.
ಹೆಚ್ಚಿಂದು ಯಾಕ ಅಂತ ನಾ ಕೇಳಲಿಲ್ಲ.

ನಾ ಬರಿವಾಗ ಶೇರು ಬಾಜೂಕೇ ಮಲಗಿತ್ತು,
ಎಮ್ಮಿಗರುವಿನಷ್ಟು ನಾಯಿ.
ಡಬ್ಬಿ ಮೂಸಿ ಸೀನಿತು, ನನ್ನ ಕಾಲೂ ಮೂಸಿತು.
ಸರಪಳಿ ಸಾವ್ಕಾರನ ಮುಂಗೈಗಿ ಎರಡು ಸುತ್ತು ಇತ್ತು.
ಆವತ್ತು ಇರಲಿಲ್ಲ.

ಆವತ್ತು ಅಂದ್ರ ಮೂರು ದಿನ ಹಿಂದ.
ಲಾಡ್ಲೇಸಾಬ, ಸಾಣೆ ಹಿಡಿಯಾಂವ,
ಸೈಕಲ್ಲಿಗಿ ಕಲ್ಲಿನ ಗಾಲಿ ಕಟಗೊಂಡು
'ಛುರಿ, ಕತ್ತರೀ' ಅಂತ ಓಣಿ ತಿರಗಾಂವ.
ಗೇಟು ದಾಟಿ ಏಳು ಹೆಜ್ಜಿ, ಅಷ್ಟೇ.
ಮೀನಖಂಡ ಹರದು ಹಲ್ಲಿಗಿ ಬಂತು.
ಹೊಲಿಗಿ ಹಾಕಂಗಿಲ್ಲಂತ, ಗಾಯ ತೆರದೇ ಇರಬೇಕಂತ,
ದೊಡ್ಡ ದವಾಖಾನ್ಯಾಗ ಅಂದ್ರು. ಸೂಜಿ ಮ್ಯಾಲ ಸೂಜಿ.
ಪೋಲೀಸರ ಮುಂದ ಸಾವ್ಕಾರ ಅಂದದ್ದು:
ಕಳ್ಳ. ಕೇಳದೇ ಒಳಗ ಬಂದಾನ.
ಚೀಲದಾಗ ನಾಕು ಛುರಿ ಅದಾವ, ನೋಡ್ರಿ,
ನಮ್ಮ ಮನಿ ಕತ್ತರಿನೂ ಅದ.

ಸಾಣೆಯವನ ಚೀಲದಾಗ ಛುರಿ ಇರಲಾರದೆ
ಮಲ್ಲಿಗಿ ಇರತದೇನು?
ಇದನ್ನ ಮನಿಯೊಳಗ ಹೆಂಡತಿ ಮುಂದ ಅಂದೆ.
ಹೊರಗ ಅನ್ನಲಿಲ್ಲ.

ಕೋರ್ಟಿನಿಂದ ಕಾಗದ ಬಂತು, ನಾನೂ ಸಾಕ್ಷಿ.
ಬೋರ್ಡು ಮೊದಲೋ, ಕಡದದ್ದು ಮೊದಲೋ,
ಅದಿಷ್ಟು ಹೇಳಿದ್ರ ಸಾಕಂತ.
ಬೋರ್ಡು ಮೊದಲಾದ್ರ ಬಂದವನ ತಪ್ಪು,
ಇಲ್ಲಾಂದ್ರ ಸಾಕಿದವನ ಕಿಸೆಗಿ ಕೈ.
ಸಾವ್ಕಾರನ ವಕೀಲರು ಹಂಗ ತಿಳಿಸಿ ಹೇಳಿದ್ರು.
ಏಳು ಹೆಜ್ಜಿ ಜಾಗದಾಗ ಒಬ್ಬ ಮನಷ್ಯಾ
ಕಳ್ಳನೂ ಆಗತಾನ, ಬೀಗನೂ ಆಗತಾನ,
ನನ್ನ ನಾಕು ಅಂಕಿ ಮ್ಯಾಲ.

ಹಿಂದಿನ ರಾತ್ರಿ ಫೋನು. ಹೆಣ್ಣುದನಿ, ಸಣ್ಣಗ.
'ಬೋರ್ಡಿನ ಮೂಲ್ಯಾಗ ನಿಮ್ಮ ನಂಬರ ಇತ್ತು, ಹಚ್ಚೀನಿ.
ಅಂವನ್ನ ನಾನೇ ಕರದದ್ದು, ಮ್ಯಾಲಿನ ಕಿಡಕಿಯಿಂದ,
ಕತ್ತರಿನೂ ನಾನೇ ದಾರಕ್ಕ ಕಟ್ಟಿ ಇಳಿಬಿಟ್ಟೆ.
ನಾಯಿ ಬಿಚ್ಚ್ಯಾರಂತ ನನಗ ಗೊತ್ತಿರಲಿಲ್ಲರಿ.
ಕತ್ತರಿ ಅವನ ಹಂತೇಕೇ ಇರಲಿ ಅನ್ರಿ.'
ನಾ ಹಲೋ ಅನ್ನೂದರಾಗ ಇಟ್ಟಳು.

ನಂಬರ.
ಆಗ ನೆನಪಾತು.
ಹಳೇ ಸಿಮ್ಮು ಕಳಕೊಂಡು ಇದನ್ನ ತಗೊಂಡದ್ದು ಯುಗಾದಿಗಿ,
ಈ ವರ್ಷದ ಯುಗಾದಿಗಿ.
ಎರಡು ವರ್ಷದ ಬೋರ್ಡಿನ ಮ್ಯಾಲ
ಎರಡು ತಿಂಗಳ ನಂಬರ,
ಬಿಳಿ ಬಣ್ಣದಾಗ, ಹತ್ತೂ ಅಂಕಿ, ನನ್ನ ಕೈಲಿಂದಲೇ.
ನಾ ಮರತು ಬರದೆನೋ,
ಕೈ ಬೇಕಂತ ಬರದಿತ್ತೋ.

ಕೋರ್ಟಿನ ಬೇವಿನ ನೆರಳಾಗ
ಲಾಡ್ಲೇಸಾಬ ಕಾಲು ಚಾಚಿ ಕುಂತಿದ್ದ.
'ಶೇರೂಗ ಹೊಡದಿಲ್ಲಲ್ಲ?' ಅಂತ ಕೇಳಿದ.
'ಅದರದೇನದ ಪೇಂಟರ, ಬಿಟ್ಟಾಂವ ಬಿಟ್ಟ, ಅದು ಬಂತು.'

ನನ್ನ ಹೆಸರು ಮೂರು ಸಲ ಕೂಗಿದ್ರು.
ಮೇಜಿನ ಮ್ಯಾಲ ಬೋರ್ಡಿನ ಫೋಟೋ.
'ಇದು ನೀನೇ ಬರದದ್ದೇನು?'
ಹೌದ್ರಿ.
'ಯಾವಾಗ?'
ಸಾಹೇಬ್ರ, ಇಸವಿ ಬಿಡ್ರಿ.
ಬಾಜೂಕ ನಂಬರ ಅದ,
ಅದನ್ನ ಓದ್ರಿ.